ಬೆಳಗಿನ ಚಳಿಯಲ್ಲಿ ಸೈಕಲ್ ತುಳಿಯುವಾಗ ಕಾಲ್ಬೆರಳು ಮರಗಟ್ಟುತ್ತವೆ, ಏನು ಮಾಡಲಿ?

ಬೆಳಿಗ್ಗೆ 5.30ಕ್ಕೆ ಚಿತ್ರದುರ್ಗದಿಂದ ದಾವಣಗೆರೆ ಕಡೆ 15 ಕಿಲೋಮೀಟರ್ ಹೋಗಿ ಬರುತ್ತೀರಿ, ಮಾಮೂಲಿ ಚಪ್ಪಟೆ ಪೆಡಲ್, ಜಾಲರಿಯ ರನ್ನಿಂಗ್ ಶೂ, ಎರಡು ಜೊತೆ ಸಾಕ್ಸ್ ಹಾಕಿದರೂ ಅರ್ಧ ಗಂಟೆಗೆ ಬೆರಳು ಮರಗಟ್ಟುತ್ತವೆ ಅಂದಿದ್ದೀರಿ. ಮೊದಲು ಆ ಎರಡನೇ ಜೊತೆ ತೆಗೆದುಬಿಡಿ. ಅಳತೆಗೆ ಸರಿಯಾದ ಶೂನಲ್ಲಿ ಎರಡು ಸಾಕ್ಸ್ ತುರುಕಿದರೆ ಪಾದ ಬಿಗಿದು ಬೆರಳಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲ, ಬೆಚ್ಚಗಿನ ಗಾಳಿ ನಿಲ್ಲಲು ಜಾಗವೂ ಇರುವುದಿಲ್ಲ. ಶೂ ಒಳಗೆ ಐದೂ ಬೆರಳು ಸಲೀಸಾಗಿ ಆಡಬೇಕು. ಲೇಸೂ ಒಂದು ಸುತ್ತು ಸಡಿಲವಿರಲಿ.

ಅಸಲು ಕಳ್ಳ ಗಾಳಿ. ಡಿಸೆಂಬರ್-ಜನವರಿಯ ಬೆಳಗಿನ ಜಾವ ನಮ್ಮಲ್ಲಿ 14-15 ಡಿಗ್ರಿ, ನಡೆಯುವವರಿಗೆ ಅದೇನು ದೊಡ್ಡ ಚಳಿಯಲ್ಲ. ಆದರೆ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಅಷ್ಟೇ ವೇಗದ ಗಾಳಿ ಶೂ ಮೂತಿಗೆ ಬಡಿಯುತ್ತದೆ. ಮೇಲೆ ಎದುರುಗಾಳಿ ಬೇರೆ. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ! ಶೂ ಒಳಗೆ ಕೈಯಿಟ್ಟು ಹೊರಗಿನಿಂದ ಜೋರಾಗಿ ಊದಿ ನೋಡಿ. ಬೆರಳಿಗೆ ಗಾಳಿ ತಗುಲಿದರೆ ಎಂಥ ಸಾಕ್ಸೂ ಉಪಯೋಗಕ್ಕೆ ಬಾರದು.

ಮೂತಿಯ ಧೂಳು ಒರೆಸಿ, 2 ಇಂಚಿನ ಪ್ಯಾಕಿಂಗ್ ಟೇಪನ್ನು ಬೆರಳ ಭಾಗಕ್ಕೆ ಮಾತ್ರ ಹೊರಗಿನಿಂದ ಅಂಟಿಸಿ. ಲೇಸಿನ ಕಡೆ ಬಿಟ್ಟುಬಿಡಿ, ಬೆವರಿನ ಆವಿ ಅಲ್ಲಿಂದ ಹೋಗಬೇಕು. ಟೇಪ್ ಅಸಹ್ಯ ಕಾಣುತ್ತದೆ ಅನ್ನಿಸಿದರೆ ಒಂದು ಲೀಟರಿನ ಹಾಲಿನ ಪ್ಯಾಕೆಟ್ ತೊಳೆದು ಒಣಗಿಸಿ, ಕೆಳತುದಿಯ ನಾಲ್ಕು ಬೆರಳಷ್ಟನ್ನು ಟೊಪ್ಪಿಗೆಯಂತೆ ಕತ್ತರಿಸಿ ಸಾಕ್ಸ್ ಮೇಲೆ ಬೆರಳಿಗೆ ತೊಡಿಸಿ. ಇಡೀ ಪಾದಕ್ಕೆ ಪ್ಲಾಸ್ಟಿಕ್ ಸುತ್ತುವುದು ಬೇಡ: ಬೆವರು ಒಳಗೇ ಉಳಿದು ಸಾಕ್ಸ್ ಒದ್ದೆಯಾಗುತ್ತದೆ, ಒದ್ದೆ ಸಾಕ್ಸ್ ಗಾಳಿಗಿಂತ ಬೇಗ ಕಾಲನ್ನು ತಣ್ಣಗಾಗಿಸುತ್ತದೆ. ಹತ್ತಿ ಸಾಕ್ಸ್ ಬಿಟ್ಟು ಉಣ್ಣೆಯದು ಒಂದೇ ಜೊತೆ ಹಾಕಿ. ಉಣ್ಣೆ ಸ್ವಲ್ಪ ತೇವವಾದರೂ ಬಿಸಿ ಹಿಡಿದಿರುತ್ತದೆ.

ಲೋಹದ ಪೆಡಲ್ ಆದರೆ ಅಡಿಯಿಂದಲೂ ತಣ್ಣಗಾಗುತ್ತದೆ. ಚಳ್ಳಕೆರೆ ಕಡೆಯ ಕಂಬಳಿಯ ಹಳೆ ತುಂಡು ಸಿಕ್ಕರೆ, ಶೂನ ಒಳ ಅಟ್ಟೆ ಹೊರತೆಗೆದು ಅದರ ಮೇಲಿಟ್ಟು ಗೆರೆ ಹಾಕಿ, ಗೆರೆಗಿಂತ 2-3 ಮಿಲಿಮೀಟರ್ ಒಳಗೆ ಕತ್ತರಿಸಿ. ಅಂಚಿಗೆ ದಾರ ಹೊಲಿಯದಿದ್ದರೆ ವಾರದಲ್ಲಿ ಎಳೆ ಬಿಚ್ಚಿಕೊಳ್ಳುತ್ತದೆ. ಕಂಬಳಿ ಕೆಳಗೆ, ಅಟ್ಟೆ ಮೇಲೆ; ತಿರುಗಾಮುರುಗಾ ಹಾಕಿದರೆ ಚುಚ್ಚುತ್ತದೆ. ಶೂ ಬಿಗಿಯಾದರೆ ಇದನ್ನು ಬಿಟ್ಟುಬಿಡಿ, ಇಲ್ಲವೇ ಅರ್ಧ ಸೈಜ್ ದೊಡ್ಡ ಶೂ ತಗೊಳ್ಳಿ. ಚಪ್ಪಟೆ ಪೆಡಲಿನ ಲಾಭವೇ ಅದು, ಯಾವ ಶೂ ಆದರೂ ನಡೆಯುತ್ತದೆ. ಜಾಲರಿಯಿಲ್ಲದ ಹಳೆ ಚರ್ಮದ ಶೂ ಇದ್ದರೆ ಇಷ್ಟೆಲ್ಲ ಹೆಣಗಾಟವೇ ಬೇಡ. ಅಡಿ ಮಾತ್ರ ನುಣುಪಾಗಿರಬಾರದು.

ಮಳೆ ಈ ತಿಂಗಳುಗಳಲ್ಲಿ ಅಪರೂಪ. ಇಬ್ಬನಿಯದ್ದೇ ಕಾಟ. ರಸ್ತೆ ಬಿಟ್ಟು ಕಾಲುದಾರಿಯಲ್ಲಿ ಹುಲ್ಲು ಸವರಿಕೊಂಡು ಹೋದರೆ ಹತ್ತೇ ನಿಮಿಷಕ್ಕೆ ಶೂ ನೆನೆಯುತ್ತದೆ, ಬಿಸಿಲೇರಿ ಇಬ್ಬನಿ ಆರುವವರೆಗೆ ಡಾಂಬರು ರಸ್ತೆಯಲ್ಲೇ ಇರಿ. ರಸ್ತೆಯ ನೀರನ್ನು ಕಾಲಿಗೆ ಎರಚುವುದು ಮುಂದಿನ ಚಕ್ರ. ಮಡ್‌ಗಾರ್ಡ್ ತುದಿಗೆ ಹಳೆ ಟ್ಯೂಬಿನ ರಬ್ಬರ್ ತುಂಡನ್ನು ಎರಡು ಬೋಲ್ಟ್ ಹಾಕಿ ಇಳಿಬಿಡಿ, ನೆಲದಿಂದ ಒಂದು ಗೇಣು ಮೇಲಿರಲಿ. ಬೈಕಿನವರು ಹಾಕುವ ಮಳೆ ಶೂ ಕವರ್ ಕೊಳ್ಳಬೇಡಿ, ಅದರ ನುಣುಪು ಅಡಿ ಒದ್ದೆ ಪೆಡಲ್ ಮೇಲೆ ಜಾರುತ್ತದೆ.

ನೆನೆದ ಶೂನ ಅಟ್ಟೆ ತೆಗೆದು ಒಳಗೆ ಪತ್ರಿಕೆ ಉಂಡೆ ತುಂಬಿ, ಗಂಟೆ ಬಿಟ್ಟು ಕಾಗದ ಬದಲಿಸಿ. ಒಲೆ ಹತ್ತಿರ ಇಟ್ಟರೆ ಅಂಟು ಬಿಟ್ಟು ಸೋಲ್ ಬಾಯಿ ತೆರೆಯುತ್ತದೆ.

ಇಷ್ಟಾದ ಮೇಲೂ ಜೋಮು ಹಿಡಿದರೆ ನಿಲ್ಲಿಸಿ ಬೆರಳು ಮುಟ್ಟಿ ನೋಡಿ. ತಣ್ಣಗಿದ್ದರೆ ಗಾಳಿ ಇನ್ನೂ ಎಲ್ಲೋ ನುಗ್ಗುತ್ತಿದೆ. ಬೆಚ್ಚಗಿದ್ದೂ ಜೋಮಾದರೆ ಅದು ಲೇಸಿನ ಬಿಗಿತ ಅಥವಾ ತೆಳು ಸೋಲ್ ಮೂಲಕ ಒತ್ತುವ ಪೆಡಲಿನ ಹಲ್ಲು. ಮನೆಯಲ್ಲಿ ಕೂತಾಗಲೂ ಜೋಮು ಇದ್ದರೆ ಸಕ್ಕರೆ ಪರೀಕ್ಷೆ ಮಾಡಿಸಿ, ಅಲ್ಲಿಯವರೆಗೆ ಬಿಸಿನೀರಲ್ಲಿ ಕಾಲಿಡಬೇಡಿ, ಸುಟ್ಟರೂ ಗೊತ್ತಾಗುವುದಿಲ್ಲ.