ಹಾಸನಕ್ಕೆ ಬನ್ನಿ, ಆದರೆ ಕೆಲಸ ಕಾದು ಕೂತಿರುವುದಿಲ್ಲ

ಪತ್ರ: ಬೆಂಗಳೂರಿನಲ್ಲಿ ಸನ್ನೆ ಭಾಷೆಯ ದುಭಾಷಿಯಾಗಿದ್ದೇನೆ. ಡಿಪ್ಲೊಮಾ ಆಗಿದೆ. ಗಂಡನಿಗೆ ಹಾಸನಕ್ಕೆ ವರ್ಗವಾಗಿದೆ, ಜೂನ್‌ನಲ್ಲಿ ಹೊರಡಬೇಕು. ಅಲ್ಲಿ ನನಗೆ ಕೆಲಸ ಸಿಗುತ್ತದಾ? ಇದನ್ನು ಬಿಟ್ಟು ಬಿ.ಎಡ್. ಮಾಡು ಅಂತ ಮನೆಯಲ್ಲಿ ಹೇಳುತ್ತಿದ್ದಾರೆ.
— ಒಬ್ಬ ಓದುಗರು, ಬೆಂಗಳೂರು

ಸಂಪಾದಕರ ಉತ್ತರ:

ದುಭಾಷಿ ಬೇಕಾಗಿದ್ದಾರೆ ಅಂತ ಬೋರ್ಡ್ ಹಾಕಿಕೊಂಡು ಹಾಸನದಲ್ಲಿ ಯಾರೂ ಕೂತಿಲ್ಲ. ಹಾಗಂತ ಕೆಲಸ ಇಲ್ಲ ಅಂತಲ್ಲ. ಇಂಥವರೊಬ್ಬರು ಬೇಕು ಅನ್ನೋದೇ ಎಷ್ಟೋ ಕಡೆ ಗೊತ್ತಿಲ್ಲ, ಅದನ್ನು ಗೊತ್ತು ಮಾಡಿಸುವುದೇ ನಿಮ್ಮ ಮೊದಲ ವರ್ಷದ ಕೆಲಸ.

ಆಸ್ಪತ್ರೆಯನ್ನೇ ತಗೊಳ್ಳಿ. ಕಿವಿ ಕೇಳದ ಹೆಂಗಸು ಡಾಕ್ಟರ ಹತ್ತಿರ ಬಂದರೆ ಜೊತೆಯಲ್ಲಿ ಅತ್ತೆ ಇರುತ್ತಾರೆ, ಇಲ್ಲವೇ ಶಾಲೆಗೆ ಹೋಗುವ ಮಗ. ಡಾಕ್ಟರು ಕೇಳುವುದು ಅತ್ತೆಯನ್ನು, ಉತ್ತರ ಕೊಡುವುದೂ ಅತ್ತೆ. ಅತ್ತೆಯಿಂದಲೇ ತೊಂದರೆ ಇದ್ದರೆ? ಮುಟ್ಟಿನ ವಿಷಯವನ್ನು ಹತ್ತು ವರ್ಷದ ಹುಡುಗ ಹೇಗೆ ಹೇಳುತ್ತಾನೆ? ಹೀಗೇ ವರ್ಷಗಟ್ಟಲೆ ನಡೆದು ಬಂದಿದೆ, ಯಾರಿಗೂ ವಿಚಿತ್ರ ಅನಿಸುವುದಿಲ್ಲ.

ಕೋರ್ಟಿನ ವಿಷಯ ಬೇರೆ, ಅಲ್ಲಿ ಕಾನೂನು ನಿಮ್ಮ ಕಡೆಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 125ನೇ ಕಲಂ ಪ್ರಕಾರ, ಮಾತನಾಡಲಾಗದ ಸಾಕ್ಷಿಯ ಹೇಳಿಕೆ ಪಡೆಯುವಾಗ ಕೋರ್ಟು ದುಭಾಷಿಯ ಅಥವಾ ವಿಶೇಷ ಶಿಕ್ಷಕರ ನೆರವು ಪಡೆಯಲೇಬೇಕು, ಹೇಳಿಕೆಯ ವಿಡಿಯೊ ಕೂಡ ಆಗಬೇಕು. ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪ್ರಕರಣಗಳಿಗೆ 2020ರ ನಿಯಮಗಳಿವೆ. ಅದರಂತೆ ಪ್ರತಿ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕ ದುಭಾಷಿಗಳ ಹೆಸರು, ವಿಳಾಸದ ಪಟ್ಟಿ ಇಟ್ಟಿರಬೇಕು. ಊರಿಗೆ ಬಂದ ವಾರವೇ ಹೋಗಿ ನಿಮ್ಮ ಹೆಸರು ಬರೆಸಿ. ಸರ್ಟಿಫಿಕೇಟಿನ ನಕಲು ಕೊಟ್ಟು ಸ್ವೀಕೃತಿ ತಗೊಳ್ಳಿ. ಸುಮ್ನೆ ಬಾಯಲ್ಲಿ ಹೇಳಿ ಬಂದರೆ ಆಗಲ್ಲ.

ಆಮೇಲೆ ವಿಆರ್‌ಡಬ್ಲ್ಯುಗಳನ್ನು ಪರಿಚಯ ಮಾಡಿಕೊಳ್ಳಿ, ಅಂದರೆ ಗ್ರಾಮ ಪಂಚಾಯಿತಿಗಳಲ್ಲಿರುವ ಪುನರ್ವಸತಿ ಕಾರ್ಯಕರ್ತರು. ಯಾವ ಮನೆಯಲ್ಲಿ ಕಿವಿ ಕೇಳದವರಿದ್ದಾರೆ, ಯಾರಿಗೆ ಅಂಗವಿಕಲರ ಗುರುತಿನ ಚೀಟಿ (ಯುಡಿಐಡಿ ಕಾರ್ಡ್) ಆಗಿಲ್ಲ, ಯಾರ ಪಿಂಚಣಿ ನಿಂತಿದೆ ಅನ್ನೋದೆಲ್ಲ ಜಿಲ್ಲಾ ಕಚೇರಿಗಿಂತ ಇವರಿಗೇ ಜಾಸ್ತಿ ಗೊತ್ತು.

ಇನ್ನೊಂದು ಕಷ್ಟ ಇದೆ. ನಿಮ್ಮದು ತರಗತಿಯಲ್ಲಿ ಕಲಿತ ಭಾರತೀಯ ಸನ್ನೆ ಭಾಷೆ. ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2021ರಲ್ಲಿ ಹೊರತಂದ ನಿಘಂಟಿನಲ್ಲಿ 10,000 ಪದಗಳಿವೆ, ಸರಿ. ಆದರೆ ಸಕಲೇಶಪುರದ ಕಡೆಯ ತೋಟದ ಕೂಲಿಯವರ ಲೈನ್ ಮನೆಯಲ್ಲೇ ಬೆಳೆದು ಶಾಲೆಯ ಮುಖವನ್ನೇ ನೋಡದ ಅರವತ್ತರ ಮುದುಕನಿಗೆ ಅದರಲ್ಲಿ ಎಷ್ಟು ಗೊತ್ತಿರುತ್ತದೆ? ಅವನ ಸನ್ನೆ ಅವನ ಮನೆಯವರಿಗೇ ಗೊತ್ತು. ಇಂಥ ಕಡೆ ಕಿವುಡರೇ ಆದ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಅವರು ಮುದುಕನಿಂದ ತಿಳಿದುಕೊಂಡು ನಿಮಗೆ ಹೇಳಲಿ, ನೀವು ಸಾಹೇಬರಿಗೆ ಹೇಳಿ. ಅವರಿಗೂ ದುಡ್ಡು ಕೊಡಿಸಿ. ಹಾಗಾಗಿ ಕಚೇರಿ ಸುತ್ತುವ ಮೊದಲೇ ಇಲ್ಲಿನ ಕಿವುಡರ ಜೊತೆ ಕೂತು ಕಾಫಿ ಕುಡಿಯಿರಿ. ನಿಮ್ಮನ್ನು ಒಪ್ಪಬೇಕಾದವರು ಅವರು.

ದುಡ್ಡಿನ ಮಾತು ಬಂತು. "ಪುಣ್ಯದ ಕೆಲಸ ಮೇಡಂ, ದೇವರು ಒಳ್ಳೇದು ಮಾಡ್ತಾನೆ" ಅನ್ನುವವರು ಬಹಳ ಸಿಗುತ್ತಾರೆ. ಸಂಬಳ ತಗೊಂಡೇ ಹಾಗೆ ಹೇಳುತ್ತಿರುತ್ತಾರೆ, ಅದು ಬೇರೆ ಮಾತು! ಶುಲ್ಕ, ಬಸ್ ಚಾರ್ಜು, ವಿರಾಮ ಎಲ್ಲ ಮೊದಲೇ ಮಾತಾಡಿ. ಬೆಂಗಳೂರಿನ ದೊಡ್ಡ ಸಭೆಯಲ್ಲಿ ಇಪ್ಪತ್ತು-ಮೂವತ್ತು ನಿಮಿಷಕ್ಕೆ ಇನ್ನೊಬ್ಬರು ಕೈ ಬದಲಾಯಿಸುತ್ತಾರೆ, ಇಲ್ಲಿ ನೀವೊಬ್ಬರೇ. ಸುಸ್ತಾದಾಗ ಮೊದಲು ತಪ್ಪುವುದು ಅರ್ಥ. ಅದರ ಪೆಟ್ಟು ಬೀಳುವುದು ನಿಮಗಲ್ಲ, ಎದುರಿಗಿರುವವರಿಗೆ.

ನನಗೆ ಜಾಸ್ತಿ ಚಿಂತೆ ಗುಟ್ಟಿನದು. ಹಾಸನ ಚಿಕ್ಕ ಊರು. ಬೆಳಿಗ್ಗೆ ಕೋರ್ಟಿನಲ್ಲಿ ಯಾರ ಡೈವೋರ್ಸಿನ ಮಾತನ್ನು ಹೇಳಿರುತ್ತೀರೋ ಅವರ ಅಕ್ಕ ಸಂಜೆ ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಸಿಕ್ಕಿ, "ಏನಾಯ್ತು ಮೇಡಂ, ನಮಗೆ ಸ್ವಲ್ಪ ಹೇಳಿ" ಅಂತ ಕೇಳುತ್ತಾರೆ, ಅದೂ ಪ್ರೀತಿಯಿಂದ. ಸೊಪ್ಪಿನ ರೇಟು ಕೇಳಿಕೊಂಡು ಮುಂದೆ ಹೋಗಿ. ಒಮ್ಮೆ ಬಾಯಿ ಬಿಟ್ಟರೆ ಜಿಲ್ಲೆಯ ಕಿವುಡರಿಗೆಲ್ಲ ರಾತ್ರಿಯೊಳಗೆ ವಿಡಿಯೊ ಕಾಲಿನಲ್ಲಿ ಗೊತ್ತಾಗಿರುತ್ತದೆ, ಆಮೇಲೆ ನಿಮ್ಮನ್ನು ಯಾರೂ ಕರೆಯುವುದಿಲ್ಲ.

ಸಂಪಾದನೆಗೆ ಬೆಂಗಳೂರನ್ನು ಪೂರ್ತಿ ಬಿಡಬೇಡಿ. ವಿಡಿಯೊದಲ್ಲಿ ದುಭಾಷಿ ಕೆಲಸ ಈಗ ಮನೆಯಿಂದಲೇ ನಡೆಯುತ್ತದೆ. ನೇರ ಹೋಗಲೇಬೇಕಾದರೆ ಶ್ರವಣಬೆಳಗೊಳ, ಕುಣಿಗಲ್ ಮೇಲಿನ ರೈಲು ಇದೆ. ಮನೆ ನೋಡುವಾಗ ಇಂಟರ್ನೆಟ್ ಹೇಗಿದೆ ಅಂತ ಮೊದಲು ಕೇಳಿ, ನೀರು ಆಮೇಲೆ!

ಬಿ.ಎಡ್.? ಪಾಠ ಮಾಡುವ ಆಸೆ ನಿಮಗಿದ್ದರೆ ಮಾಡಿ. ಕಿವುಡ ಮಕ್ಕಳಿಗೆ ಕಲಿಸುವುದಾದರೆ ವಿಶೇಷ ಶಿಕ್ಷಣದ ಬಿ.ಎಡ್. ಬೇರೆಯೇ ಇದೆ, ಅದನ್ನು ನೋಡಿ. ಮನೆಯವರ ಬಾಯಿ ಮುಚ್ಚಿಸಲು ಮಾತ್ರ ಬೇಡ. ಜೂನ್‌ಗೆ ಮೊದಲು ಒಂದು ಕೆಲಸದ ದಿನ ಒಬ್ಬರೇ ಬಂದು ಮಕ್ಕಳ ರಕ್ಷಣಾ ಘಟಕ, ವಿಕಲಚೇತನರ ಇಲಾಖೆಯ ಕಚೇರಿ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಮೂರನ್ನೂ ನೋಡಿಕೊಂಡು ಹೋಗಿ. ಗಂಡನ ವರ್ಗಾವಣೆ ಪತ್ರ ತೋರಿಸಬೇಡಿ, ನಿಮ್ಮ ಡಿಪ್ಲೊಮಾ ತೋರಿಸಿ.