ನಿಂಬೆ ತೋಟದ ಹುಲ್ಲು: ಉಳಬೇಡಿ, ಕೊಯ್ದು ಗಿಡದ ಕೆಳಗೆ ಹರಡಿ

ಪ್ರಶ್ನೆ: ಎರಡು ಎಕರೆ ನಿಂಬೆ ಇದೆ. ಆರು ವರ್ಷದ ಗಿಡಗಳು, 18 ಅಡಿ ಅಂತರ, ಕೆಂಪು ಮಣ್ಣು, ಡ್ರಿಪ್ ನೀರು. ಮೂರು ವರ್ಷದಿಂದ ಸಾವಯವ. ಹುಲ್ಲು ಎದ್ದಾಗಲೆಲ್ಲ ರೋಟವೇಟರ್ ಹೊಡೆಸುತ್ತೇವೆ. ಆದರೂ ರೆಂಬೆಗಳು ತುದಿಯಿಂದ ಒಣಗುತ್ತಿವೆ. ಉಳದೆ ಬಿಟ್ಟರೆ ಗೊಬ್ಬರವೆಲ್ಲ ಹುಲ್ಲಿನ ಪಾಲಾಗುವುದಿಲ್ಲವೇ?
– ಓದುಗರು, ಮುಳಬಾಗಿಲು ತಾಲ್ಲೂಕು

ಉತ್ತರ: ಗಿಡದ ನೆರಳಿನೊಳಗೆ ರೋಟವೇಟರ್ ಹೋಗುವುದನ್ನು ಇವತ್ತೇ ನಿಲ್ಲಿಸಿ. ನಿಂಬೆಗೆ ಆಹಾರ ಹೀರಿಕೊಡುವ ಸಣ್ಣ ಬೇರುಗಳು ಬಹುಪಾಲು ಮೇಲಿನ ಒಂದೂವರೆ ಅಡಿಯೊಳಗೇ ಇರುತ್ತವೆ. ಯಂತ್ರದ ಅಲಗು ನಾಲ್ಕೈದು ಇಂಚು ಇಳಿದರೂ ಈ ಬೇರುಗಳು ತುಂಡಾಗುತ್ತವೆ, ಕತ್ತರಿಸಿದ ಬಾಯಿಂದ ಬೇರುಕೊಳೆ ಒಳಹೊಗುತ್ತದೆ. ಬೇರು ಕಳೆದುಕೊಂಡ ಗಿಡಕ್ಕೆ ಮೇಲಿನ ರೆಂಬೆಗಳನ್ನು ಸಾಕಲು ಆಗುವುದಿಲ್ಲ.

ಆದರೆ ರೆಂಬೆ ಒಣಗಲು ಬೇರೆ ಕಾರಣಗಳೂ ಉಂಟು. ಹಾಗಾಗಿ ಒಮ್ಮೆ ಕಣ್ಣಾರೆ ನೋಡಿ. ರೆಂಬೆಗಳ ಅಂಚಿನ ಕೆಳಗೆ ಕೈಯಿಂದಲೇ ಒಂದು ಗೇಣು ಮಣ್ಣು ಬಿಡಿಸಿ, ದಾರದಷ್ಟು ತೆಳುವಾದ ಬೇರನ್ನು ಬೆರಳಲ್ಲಿ ಹಿಡಿದು ಎಳೆಯಿರಿ. ಒಳ್ಳೆಯ ಬೇರು ಗಟ್ಟಿಯಾಗಿ, ತಿಳಿ ಹಳದಿ ಬಣ್ಣದಲ್ಲಿರುತ್ತದೆ. ಕೊಳೆತದ್ದಾದರೆ ಮೇಲಿನ ಸಿಪ್ಪೆ ಬೆರಳಿಗೆ ಕಳಚಿ ಬಂದು ನಡುವಿನ ಎಳೆ ಮಾತ್ರ ಉಳಿಯುತ್ತದೆ. ಅಂಥ ಕಡೆ ನೀರು ನಿಲ್ಲದಂತೆ ಬಸಿಗಾಲುವೆ ತೆಗೆಯುವುದು ಮೊದಲ ಕೆಲಸ.

ಮಣ್ಣಿನದೂ ಒಂದು ಪರೀಕ್ಷೆ ಮಾಡಿ. ಉಳುಮೆ ಮಾಡಿದ ಸಾಲಿನಿಂದ ಒಂದು ಒಣ ಹೆಂಟೆ, ಹುಲ್ಲಿದ್ದ ಬದುವಿನಿಂದ ಒಂದು ತಂದು ಎರಡು ಲೋಟ ನೀರಿಗೆ ಬಿಡಿ. ಉಳುಮೆಯ ಹೆಂಟೆ ಬೇಗ ಕರಗಿ ರಾಡಿಯಾಗುತ್ತದೆ, ಬೇರು ಹಿಡಿದ ಹೆಂಟೆ ಹೆಚ್ಚು ಹೊತ್ತು ನಿಲ್ಲುತ್ತದೆ. ಹಾಗೆ ಕರಗುವ ಮಣ್ಣೇ ಮಳೆ ನಿಂತ ಮೇಲೆ ಹೆಪ್ಪುಗಟ್ಟಿ ನೀರನ್ನು ಇಂಗಗೊಡುವುದಿಲ್ಲ.

ಹುಲ್ಲು ಗೊಬ್ಬರ ತಿನ್ನುತ್ತದೆ ಎಂಬುದು ನಿಜ. ಆದರೆ ಕೊಯ್ದು ಅಲ್ಲೇ ಹಾಕಿದರೆ ತಿಂದದ್ದು ಮಣ್ಣಿಗೇ ಮರಳುತ್ತದೆ. ನಿಜವಾದ ಪೈಪೋಟಿ ನೀರಿನದು, ಅದೂ ಫೆಬ್ರವರಿಯಿಂದ ಮೇ ತನಕ. ಆಗ ಬ್ರಶ್ ಕಟರ್‌ನಿಂದ ನೆಲಮಟ್ಟಕ್ಕೆ ಸವರಿ. ಮಳೆಗಾಲದಲ್ಲಿ ಮೊಣಕಾಲುದ್ದ ಬೆಳೆಯಲು ಬಿಟ್ಟು, ಬೀಜ ಕಟ್ಟುವ ಮುಂಚೆ ನಾಲ್ಕು ಬೆರಳು ಉಳಿಸಿ ಕೊಯ್ಯಿರಿ. ಕಟರ್‌ನ ದಾರ ಕಾಂಡಕ್ಕೆ ತಗುಲಬಾರದು. ಬುಡದ ಸುತ್ತ ಒಂದಡಿ ಕುಡುಗೋಲೇ ಸರಿ.

ಹುಲ್ಲಿನ ಬದಲು ಸಾಲಿನ ನಡುವೆ ಹಸಿರೆಲೆ ಗೊಬ್ಬರದ ಬೆಳೆಯಾದ ಅಪ್ಸೆಣಬು ಹಾಕಿದರೆ ಇನ್ನೂ ಒಳ್ಳೆಯದು. ಎಕರೆಗೆ 10–12 ಕೆ.ಜಿ. ಬೀಜ ಬೇಕು. ನಿಮ್ಮಲ್ಲಿ ಸಾಲಿನ ನಡುವಿನ ಎಂಟಡಿ ಪಟ್ಟಿಗೆ ಮಾತ್ರ ಬಿತ್ತುವುದರಿಂದ ಎಕರೆಗೆ 5–6 ಕೆ.ಜಿ. ಸಾಕು. ಹದ ಮಳೆಗೆ ಬಿತ್ತಿ, 45–50 ದಿನಕ್ಕೆ ಹೂಮೊಗ್ಗು ಕಂಡಾಗ ಕೊಯ್ದು ಗಿಡದ ಕೆಳಗೆ ಹರಡಿ. ತಡವಾದರೆ ಕಾಂಡ ನಾರಾಗಿ ಬೇಗ ಕೊಳೆಯುವುದಿಲ್ಲ. ಮಳೆ ಕಡಿಮೆಯಿದ್ದರೆ ಹುರುಳಿಯೇ ಭದ್ರ. ಹಬ್ಬುವ ಜಾತಿಯ ಅಲಸಂದೆ ಗಿಡದ ಮೇಲೇರುತ್ತದೆ, ಬೇಡ.

ಜೇಕು ಇದ್ದರೆ ಉಳುಮೆ ಅದಕ್ಕೆ ವರ. ಗಡ್ಡೆಗಳ ಸರ ತುಂಡಾಗಿ ಒಂದಿದ್ದದ್ದು ಹತ್ತಾಗುತ್ತದೆ. ಎರಡು ವಾರಕ್ಕೊಮ್ಮೆ ಸವರುತ್ತ, ದಟ್ಟ ಸೆಣಬಿನ ನೆರಳಲ್ಲಿ ಸೊರಗಿಸಬೇಕು. ಇದಕ್ಕೆ ಒಂದೆರಡು ವರ್ಷವೇ ಹಿಡಿಯುತ್ತದೆ.

ಪ್ರಶ್ನೆ: ರೇಷ್ಮೆ ಮನೆಯಿಂದ ಬಂದ ಹಿಪ್ಪುನೇರಳೆ ಕಡ್ಡಿ, ಹಿಕ್ಕೆಯನ್ನು ಮೂಸಂಬಿ ಬುಡಕ್ಕೆ ರಾಶಿ ಹಾಕಿದ್ದೆವು. ಈಗ ಕೆಲವು ಗಿಡಗಳ ಕಾಂಡದಲ್ಲಿ ಅಂಟು ಸೋರುತ್ತಿದೆ.
– ಓದುಗರು, ಚಿಂತಾಮಣಿ ತಾಲ್ಲೂಕು

ಉತ್ತರ: ಹೊದಿಕೆಗೆ ನೀವು ಆರಿಸಿದ ವಸ್ತು ಚೆನ್ನಾಗಿದೆ, ಹಾಕಿದ ಜಾಗ ತಪ್ಪು. ಕಾಂಡಕ್ಕೆ ತಾಗಿದ ಹೊದಿಕೆ ತೊಗಟೆಯನ್ನು ಸದಾ ಒದ್ದೆಯಾಗಿಡುತ್ತದೆ, ಅಂಟು ರೋಗದ ಶಿಲೀಂಧ್ರಕ್ಕೆ ಬೇಕಾದದ್ದೂ ಅದೇ. ಒಂದಡಿ ದೂರಕ್ಕೆ ಎಳೆದು, ಕಸಿ ಕಟ್ಟಿದ ಗಂಟು ಗಾಳಿಗೆ ಕಾಣುವಂತೆ ಬಿಡಿ. ಅಲ್ಲಿಂದ ರೆಂಬೆಗಳ ಅಂಚಿನವರೆಗೆ ಒಂದು ಹಿಡಿ ದಪ್ಪ ಹರಡಿ. ಹಸಿ ಹಿಕ್ಕೆಯನ್ನು ನೇರವಾಗಿ ಹಾಕದೆ ಗುಂಡಿಯಲ್ಲಿ ಕೊಳೆಸಿ ಹಾಕಿ. ಡ್ರಿಪ್ಪರ್‌ಗಳನ್ನೂ ಕಾಂಡದ ಬಳಿಯಿಂದ ಅಂಚಿನ ಕಡೆಗೆ ಸರಿಸಿ.

ಸೋರುವ ಜಾಗವನ್ನು ಹರಿತ ಚಾಕುವಿನಿಂದ ಹಸಿರು ತೊಗಟೆ ಕಾಣುವ ತನಕ ಕೆರೆದು ಬೋರ್ಡೊ ಮುಲಾಮು ಹಚ್ಚಿ. ಒಂದು ಕೆ.ಜಿ. ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) 5 ಲೀಟರ್ ನೀರಿನಲ್ಲಿ, ಒಂದು ಕೆ.ಜಿ. ಸುಣ್ಣವನ್ನು ಇನ್ನೊಂದು 5 ಲೀಟರ್‌ನಲ್ಲಿ ಬೇರೆಬೇರೆ ಕರಗಿಸಿ, ಆಮೇಲೆ ಬೆರೆಸಬೇಕು. ಪ್ಲಾಸ್ಟಿಕ್ ಇಲ್ಲವೇ ಮಣ್ಣಿನ ಪಾತ್ರೆ ಬಳಸಿ, ಕಬ್ಬಿಣದ್ದು ಕೂಡದು. ಮಳೆಗಾಲಕ್ಕೆ ಮುಂಚೆ ಒಮ್ಮೆ, ನಂತರ ಒಮ್ಮೆ, ನೆಲದಿಂದ ಎರಡಡಿ ಎತ್ತರದವರೆಗೆ. ಸಾವಯವ ಪ್ರಮಾಣಪತ್ರ ಇದ್ದರೆ ತಾಮ್ರದ ಬಳಕೆಯನ್ನು ದಾಖಲೆ ಪುಸ್ತಕದಲ್ಲಿ ಬರೆದಿಡಿ.

ಪ್ರಶ್ನೆ: ನಿಂಬೆಗೆ ಕೊಟ್ಟಿಗೆ ಗೊಬ್ಬರ ಸಾಕಷ್ಟು ಹಾಕಿದರೂ ಚಿಗುರೆಲೆ ಚಿಕ್ಕದಾಗಿ, ನರ ಹಸಿರು ಉಳಿದು ನಡುವೆ ಹಳದಿಯಾಗಿದೆ.
– ಓದುಗರು, ಶಿರಾ ತಾಲ್ಲೂಕು

ಉತ್ತರ: ಇದು ಸತುವಿನ ಕೊರತೆಯ ಲಕ್ಷಣ. ಸಾರಜನಕ ಕಡಿಮೆಯಾಗಿದ್ದರೆ ಹಳೆಯ ಎಲೆ ಮೊದಲು ಹಳದಿಯಾಗುತ್ತಿತ್ತು. ಗಡಸು ಬೋರ್‌ವೆಲ್ ನೀರು ಮಣ್ಣಿನ ರಸಸಾರ (pH) ಏರಿಸಿ ಸತುವನ್ನು ಬೇರಿಗೆ ಸಿಗದಂತೆ ಮಾಡುತ್ತದೆ, ಆದ್ದರಿಂದ ಮಣ್ಣು ನೀರು ಎರಡನ್ನೂ ಪರೀಕ್ಷಿಸಿ. ಸಾವಯವ ಪ್ರಮಾಣಪತ್ರ ಇದ್ದರೆ ಅದನ್ನು ಕೊಟ್ಟ ಸಂಸ್ಥೆಯ ಅನುಮತಿ ಪಡೆದು, ಲೀಟರ್ ನೀರಿಗೆ 5 ಗ್ರಾಂ ಸತುವಿನ ಸಲ್ಫೇಟ್, 2.5 ಗ್ರಾಂ ಸುಣ್ಣ ಸೇರಿಸಿ ಹೊಸ ಚಿಗುರು ಬಲಿಯುವ ಮುನ್ನ ಸಂಜೆ ಸಿಂಪಡಿಸಿ.