ಅಬರ್ಡೀನಿನ ಚಳಿಗಾಲದಲ್ಲಿ ಮೊಹೇರ್ ಹಿಡಿದವರಿಗೆ

ಸ್ಕಾಟ್ಲೆಂಡಿನ ಅಬರ್ಡೀನಿಗೆ ಹೊಸಬರು, ಗುರುತಿನವರಿಲ್ಲ, ಗ್ರಂಥಾಲಯದ ಹೆಣಿಗೆ ಗುಂಪಿಗೆ ಹೋಗಬಹುದೇ, ರೇಷ್ಮೆ ಬೆರೆತ ಮೊಹೇರ್ (ಅಂಗೋರಾ ಮೇಕೆಯ ರೋಮದ) ನೂಲು ಕೈಗೆ ಬಗ್ಗುತ್ತಿಲ್ಲ ಏನು ಮಾಡಲಿ ಎಂದು ಕೇಳಿದ್ದೀರಿ. ಖಂಡಿತ ಹೋಗಿ. ಪಕ್ಕದವರ ಕೈಯಲ್ಲಿರುವ ನೂಲು ಯಾವುದೆಂದು ಕೇಳಿದರೆ ಸಾಕು, ಮಾತು ತಾನಾಗಿ ಶುರುವಾಗುತ್ತದೆ. ಆದರೆ ಅಲ್ಲಿಗೆ ದಪ್ಪ ಉಣ್ಣೆಯ ಸರಳ ಹೆಣಿಗೆ ಒಯ್ಯಿರಿ. ಮೊಹೇರ್ ಮನೆಯಲ್ಲಿರಲಿ. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂವರೆಗೇ ಸೂರ್ಯ ಮುಳುಗುವ ಊರಿದು; ಕಪ್ಪು, ಕಡುನೀಲಿ ನೂಲಿನ ಕುಣಿಕೆಗಳು ಕಾಣುವುದೇ ಇಲ್ಲ. ಮೊದಲ ಮಾದರಿ ತುಂಡಿಗೆ ತಿಳಿ ಬಣ್ಣವನ್ನೇ ಆರಿಸಿ.

ಕಡ್ಡಿ ಮರದ್ದು ಅಥವಾ ಬಿದಿರಿನದು ಇರಲಿ, ಲೋಹದ ಮೇಲೆ ಈ ನೂಲು ಜಾರುತ್ತದೆ. ಅಳತೆಯನ್ನು ಮಿಲಿಮೀಟರಿನಲ್ಲೇ ನೋಡಿ. ಊರಿಂದ ತಂದ ಕಡ್ಡಿಯ ಮೇಲಿನ 8 ಸಾಮಾನ್ಯವಾಗಿ ಹಳೆಯ ಬ್ರಿಟಿಷ್ ಲೆಕ್ಕ, ಅಂದರೆ 4 ಮಿ.ಮೀ. ಅಮೆರಿಕದ ವಿನ್ಯಾಸದಲ್ಲಿ 8 ಎಂದರೆ 5 ಮಿ.ಮೀ.

ಕೇಬಲ್ ಹೆಣಿಗೆ, ಅಂದರೆ ಕುಣಿಕೆಗಳನ್ನು ಅಡ್ಡ ದಾಟಿಸಿ ಹಗ್ಗದಂತೆ ತಿರುಚಿದ ವಿನ್ಯಾಸ, ಮೊಹೇರಿನ ರೋಮದಲ್ಲಿ ಮುಚ್ಚಿಹೋಗುತ್ತದೆ, ಶ್ರಮ ದಂಡ. ಈ ನೂಲಿಗೆ ರಂಧ್ರವಿರುವ ಅಲೆ ವಿನ್ಯಾಸವೇ ಚೆಂದ. ಇಲ್ಲಿಂದ ಹಡಗು ಹೋಗುವ ಶೆಟ್ಲಂಡ್ ದ್ವೀಪಗಳ ‘ಓಲ್ಡ್ ಶೇಲ್’ ಎಂಬ ಅಲೆ ವಿನ್ಯಾಸ ಹಾಕಿ ನೋಡಿ. 4 ಮಿ.ಮೀ. ಕಡ್ಡಿಗೆ 42 ಕುಣಿಕೆ: ನಡುವೆ ವಿನ್ಯಾಸಕ್ಕೆ 36, ಎರಡೂ ಅಂಚಿಗೆ ಮೂರು ಮೂರು, ಅಂಚು ಸದಾ ನಿಟ್ (ಸಾದಾ ಕುಣಿಕೆ). ಮೊದಲ ಸಾಲು ಪೂರ್ತಿ ನಿಟ್, ಎರಡನೆಯದು ಪರ್ಲ್ (ಉಲ್ಟಾ ಕುಣಿಕೆ). ಮೂರನೆಯ ಸಾಲಿನಲ್ಲಿ ಎರಡೆರಡು ಕುಣಿಕೆ ಸೇರಿಸಿ ನಿಟ್ ಮಾಡುವುದು ಮೂರು ಸಲ, ನೂಲನ್ನು ಕಡ್ಡಿಗೆ ಒಮ್ಮೆ ಸುತ್ತಿ ಒಂದು ನಿಟ್ ಆರು ಸಲ, ಮತ್ತೆ ಎರಡೆರಡು ಸೇರಿಸುವುದು ಮೂರು ಸಲ; ಈ 18 ಕುಣಿಕೆಯ ಗುಂಪು ಎರಡು ಬಾರಿ ಬರುತ್ತದೆ. ನಾಲ್ಕನೆಯದು ನಿಟ್. ಈ ನಾಲ್ಕು ಸಾಲು ಹನ್ನೆರಡು ಸಲ ಆಗಲಿ. 25 ಗ್ರಾಮಿನ ಒಂದು ಉಂಡೆ ಧಾರಾಳ ಸಾಕು.

ತಪ್ಪಾಗುವುದು ಹೆಚ್ಚಾಗಿ ಮೂರನೆಯ ಸಾಲಿನಲ್ಲಿ, ಸುತ್ತಿದ ನೂಲು ಬಿಟ್ಟುಹೋಗಿ. ಆ ಸಾಲು ಮುಗಿದ ಕೂಡಲೇ 42 ಎಣಿಸಿ. ನಾಲ್ಕು ಸಾಲಿನ ಎರಡು ಆವರ್ತನೆಗೊಮ್ಮೆ ನುಣುಪಾದ ಹತ್ತಿ ದಾರವನ್ನು ಸೂಜಿಯಲ್ಲಿ ಕುಣಿಕೆಗಳೊಳಗೆ ಹಾಯಿಸಿಡಿ, ಬಿಚ್ಚಬೇಕಾದರೆ ಹೆಣಿಗೆ ಅಲ್ಲಿಗೇ ನಿಲ್ಲುತ್ತದೆ. ಈ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ. ರೋಮ ಒಂದಕ್ಕೊಂದು ಹೆಣೆದುಕೊಂಡಿದ್ದರೆ ಜಗ್ಗಬೇಡಿ, ನೂಲು ಹರಿಯುತ್ತದೆ. ಸಿಕ್ಕಿದ ರೋಮವನ್ನಷ್ಟೇ ಸಣ್ಣ ಕತ್ತರಿಯಿಂದ ಬಿಡಿಸಿ. ಕೊನೆಯ ಸಾಲು ಮುಚ್ಚಲು 5 ಮಿ.ಮೀ. ಕಡ್ಡಿ ಬಳಸಿ, ಇಲ್ಲವಾದರೆ ಅಂಚು ಬಿಗಿದು ಅಲೆ ಬಿಚ್ಚಿಕೊಳ್ಳುವುದಿಲ್ಲ.

ಕಡ್ಡಿಯಿಂದ ಇಳಿದಾಗ ಮುದುಡಿದ ಚಿಂದಿಯಂತೆ ಕಂಡರೆ ಗಾಬರಿ ಬೇಡ. ಉಗುರುಬೆಚ್ಚಗಿನ ನೀರಲ್ಲಿ 20 ನಿಮಿಷ ನೆನೆಸಿ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ಎಳೆದು ಪಿನ್ ಚುಚ್ಚಿ ಒಣಗಲು ಬಿಡಿ. ರೇಡಿಯೇಟರ್ ಮೇಲೆ ಬೇಡ, ಒಂದೇ ಕಡೆ ಬೇಗ ಒಣಗಿ ಆಕಾರ ಕೆಡುತ್ತದೆ. ಪಿನ್ ತೆಗೆದ ಮೇಲೆ ನಡುವಿನ 10 ಸೆಂ.ಮೀ. ಅಳೆದು ಅದರಲ್ಲಿ ಎಷ್ಟು ಕುಣಿಕೆ, ಎಷ್ಟು ಸಾಲು ಎಂದು ಎಣಿಸಿ, ಆ ಲೆಕ್ಕವನ್ನೂ ಕಡ್ಡಿಯ ಅಳತೆಯನ್ನೂ ಚೀಟಿಯಲ್ಲಿ ಬರೆದು ತುಂಡಿಗೆ ಕಟ್ಟಿ. ಜಿಪ್ ಚೀಲದಲ್ಲೇ ಇಡಿ, ಉಣ್ಣೆ ಮೊಹೇರ್ ತಿನ್ನುವ ಪತಂಗದ ಹುಳು ಇಲ್ಲಿನ ಮನೆಗಳಲ್ಲಿ ಸಾಮಾನ್ಯ.